ವಿಮಾನ ನಿಲ್ದಾಣಕ್ಕೊಂದು ರೈಲು: ಯಾರಿಗಾಗಿ, ಎಷ್ಟು ಹೊತ್ತಿಗೊಮ್ಮೆ?

ಬೆಂಗಳೂರಿಗೆ ಲೋಕಲ್ ರೈಲು ಬೇಕೆಂಬ ಮಾತು ಶುರುವಾಗಿ ನಾಲ್ಕು ದಶಕ ದಾಟಿತು. 1983ರಲ್ಲೇ ದಕ್ಷಿಣ ರೈಲ್ವೆಯ ತಂಡವೊಂದು ಇದನ್ನು ಶಿಫಾರಸು ಮಾಡಿತ್ತು. ಆಗ ನಗರದ ಜನಸಂಖ್ಯೆ ಸುಮಾರು 30 ಲಕ್ಷ; ಈಗ ಕೋಟಿ ಮೀರಿದೆ. ಈ ನಡುವೆ ವಿಮಾನ ನಿಲ್ದಾಣ ಊರಾಚೆಗೆ ಹೋಯಿತು, ಮೆಟ್ರೊ ಬಂತು, ಲೆಕ್ಕವಿಲ್ಲದಷ್ಟು ಮೇಲ್ಸೇತುವೆಗಳು ಎದ್ದವು. ಉಪನಗರ ರೈಲು ಮಾತ್ರ ವರದಿಯಿಂದ ವರದಿಗೆ ಸಾಗುತ್ತಲೇ ಇತ್ತು. ಕೊನೆಗೆ 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಒಪ್ಪಿಗೆ ಕೊಟ್ಟಿತು. 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ಮಾಡಿ, 40 ತಿಂಗಳಲ್ಲಿ ಕೆಲಸ ಮುಗಿಯುತ್ತದೆ ಎಂದರು. ಆ ಗಡುವು 2025ರ ಅಕ್ಟೋಬರಿಗೆ ತೀರಿತು. ಅಷ್ಟರೊಳಗೆ ಒಂದು ಕಿಲೋಮೀಟರ್ ಮಾರ್ಗದಲ್ಲೂ ರೈಲು ಓಡಲಿಲ್ಲ.

ಈ ಯೋಜನೆಯ ಚರ್ಚೆಯಲ್ಲಿ ಮೂರು ಪ್ರಶ್ನೆಗಳು ಸದಾ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಮೆಟ್ರೊ ಇರುವಾಗ ಉಪನಗರ ರೈಲು ಯಾಕೆ? ವಿಮಾನ ನಿಲ್ದಾಣಕ್ಕೆ ಮೆಟ್ರೊ ಹೋಗುತ್ತಿರುವಾಗ ಅಲ್ಲಿಗೆ ಇನ್ನೊಂದು ರೈಲು ಯಾಕೆ? ಇದನ್ನು ಕಟ್ಟಬೇಕಾದವರು, ನಡೆಸಬೇಕಾದವರು ಯಾರು? ಒಂದೊಂದನ್ನೂ ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿಮಾನ ಹಿಡಿಯುವವರನ್ನು ಮುಂದಿಟ್ಟುಕೊಂಡು ಮಾತು ಶುರುವಾದಾಗಲೆಲ್ಲ ಚರ್ಚೆ ದಾರಿ ತಪ್ಪಿದೆ, ಯೋಜನೆಯೂ ದಾರಿ ತಪ್ಪಿದೆ.

ಹಳಿ ಇದೆ, ರೈಲಿಲ್ಲ

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯಿಂದ ದಂಡು ನಿಲ್ದಾಣಕ್ಕೆ. ಈಗ ನಗರದಿಂದ ಆರು ದಿಕ್ಕಿಗೆ ಹಳಿಗಳು ಹೊರಡುತ್ತವೆ: ಮೈಸೂರು, ತುಮಕೂರು, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಬಂಗಾರಪೇಟೆ, ಹೊಸೂರು. ಊರು ಬೆಳೆದದ್ದೂ ಬಹುಪಾಲು ಈ ಹಳಿಗಳ ಅಕ್ಕಪಕ್ಕದಲ್ಲೇ. ವೈಟ್‌ಫೀಲ್ಡ್, ಹೂಡಿ, ಕೆ.ಆರ್. ಪುರ, ಕಾರ್ಮೆಲರಾಂ, ಹೀಲಲಿಗೆ, ಯಶವಂತಪುರ, ಯಲಹಂಕ, ಕೆಂಗೇರಿ ಎಲ್ಲವೂ ರೈಲು ನಿಲ್ದಾಣವಿರುವ ಊರುಗಳೇ. ಟ್ರಾಫಿಕ್ ಸುದ್ದಿಯಲ್ಲಿ ದಿನವೂ ಕೇಳಿಬರುವ ಹೆಸರುಗಳೂ ಇವೇ.

ರೈಲು ಸಿಕ್ಕರೆ ಜನ ಹತ್ತುತ್ತಾರೆಯೇ ಎಂಬ ಅನುಮಾನಕ್ಕೆ ಕೆ.ಜಿ.ಎಫ್.ನ ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳೇ ಉತ್ತರ. 2001ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿತು. ಆ ಮೇಲೆ ಊರಿಗೆ ಊರೇ ಬೆಂಗಳೂರಿನ ಕೂಲಿ, ಕಚೇರಿ, ಅಂಗಡಿ, ಆಸ್ಪತ್ರೆಗಳ ಕೆಲಸಕ್ಕೆ ಹೊರಳಿತು. ಗಣಿ ಮನೆಗಳ ಸಾಲಿನಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಉರಿಯುತ್ತದೆ, ಬುತ್ತಿ ಕಟ್ಟಿಕೊಂಡವರು ನಿಲ್ದಾಣದ ದಾರಿ ಹಿಡಿಯುತ್ತಾರೆ. ಬಂಗಾರಪೇಟೆ, ಮಾಲೂರು ದಾಟುವ ಹೊತ್ತಿಗೆ ಬೋಗಿಯ ಬಾಗಿಲಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಹೀಗೆ ಬರುವವರ ಬಳಿ ಇರುವುದು ತಿಂಗಳ ಸೀಜನ್ ಟಿಕೆಟ್. ಅದೇ ದೂರವನ್ನು ದಿನಾ ಬಸ್ಸಿನಲ್ಲಿ ಬಂದು ಹೋದರೆ ಸಂಬಳದಲ್ಲಿ ಏನೂ ಉಳಿಯದು. ಈ ರೈಲಿಗೆ ಯಾರೂ ಜಾಹೀರಾತು ಕೊಟ್ಟಿಲ್ಲ. ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟು ಹೊತ್ತಿಗೆ ಸೇರಿಸುತ್ತದೆ ಎಂಬ ಭರವಸೆಯೊಂದೇ ಅದಕ್ಕೆ ಜನ ತಂದುಕೊಟ್ಟಿದೆ.

ಹಾಗಾದರೆ ಇರುವ ಹಳಿಗಳ ಮೇಲೆಯೇ ಇನ್ನಷ್ಟು ಮೆಮು ರೈಲು ಬಿಡಬಾರದೇ? ರೈಲು ಹೋರಾಟಗಾರರು ವರ್ಷಗಳಿಂದ ಕೇಳುತ್ತ ಬಂದಿರುವುದು ಇದನ್ನೇ. 2012ರಲ್ಲಿ ರೈಟ್ಸ್ ಸಂಸ್ಥೆ ಕೊಟ್ಟ ವರದಿಯೂ ಸುತ್ತಲಿನ ಪಟ್ಟಣಗಳನ್ನೆಲ್ಲ ಸೇರಿಸಿ ಸುಮಾರು 440 ಕಿಲೋಮೀಟರಿನ ಜಾಲವನ್ನು ಸೂಚಿಸಿತ್ತು. ಆದರೆ ಒಂದೇ ಹಳಿಯಲ್ಲಿ ದೂರದ ಎಕ್ಸ್‌ಪ್ರೆಸ್, ಗೂಡ್ಸ್, ಪ್ಯಾಸೆಂಜರ್ ಎಲ್ಲವೂ ಓಡುವಾಗ ಲೋಕಲ್ ರೈಲು ಯಾವಾಗಲೂ ಕೊನೆಯ ಸಾಲಿನದು. ಎಕ್ಸ್‌ಪ್ರೆಸ್ ತಡವಾದರೆ ಅದಕ್ಕೆ ದಾರಿ ಬಿಟ್ಟು ಲೋಕಲ್ ಹೊರವಲಯದಲ್ಲಿ ನಿಲ್ಲಬೇಕು. ರೈಲ್ವೆ ಗೇಟುಗಳಿರುವ ಕಡೆ ರೈಲು ಹೆಚ್ಚಿದಷ್ಟೂ ರಸ್ತೆ ಮುಚ್ಚಿಕೊಳ್ಳುತ್ತದೆ. ಹತ್ತು ನಿಮಿಷಕ್ಕೊಂದು ರೈಲು ಬೇಕೆಂದರೆ ಬೇರೆ ಹಳಿ, ಬೇರೆ ಪ್ಲಾಟ್‌ಫಾರಂ, ಬೇರೆ ಸಿಗ್ನಲ್ ಬೇಕು. 440 ಕಿಲೋಮೀಟರಿನ ಕನಸು 148 ಕಿಲೋಮೀಟರಿಗೆ ಇಳಿದದ್ದು ಹೀಗೆ. ಇರುವ ಹಳಿ ಹಂಚಿಕೊಂಡರೆ ಅಗ್ಗ, ಆದರೆ ರೈಲು ವಿರಳ. ಪ್ರತ್ಯೇಕ ಹಳಿ ಹಾಕಿದರೆ ರೈಲು ಪದೇ ಪದೇ ಬರುತ್ತದೆ, ಆದರೆ ಖರ್ಚು ಹೆಚ್ಚು, ವರ್ಷಗಳೂ ಹೆಚ್ಚು.

ನಾಲ್ಕು ಹೂವುಗಳ ಲೆಕ್ಕ

ಒಪ್ಪಿಗೆ ಸಿಕ್ಕಿರುವ ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರಿದೆ. ಮೆಜೆಸ್ಟಿಕ್ಕಿನಿಂದ ಯಲಹಂಕ, ವಿಮಾನ ನಿಲ್ದಾಣದ ಮೂಲಕ ದೇವನಹಳ್ಳಿಗೆ ಹೋಗುವ ಸುಮಾರು 41 ಕಿಲೋಮೀಟರಿನದು ಸಂಪಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25 ಕಿಲೋಮೀಟರಿನ ಮಲ್ಲಿಗೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಸುಮಾರು 35 ಕಿಲೋಮೀಟರಿನ ಪಾರಿಜಾತ. ಹೀಲಲಿಗೆಯಿಂದ ರಾಜಾನುಕುಂಟೆಗೆ ಸುಮಾರು 46 ಕಿಲೋಮೀಟರಿನ ಕನಕ. ಒಟ್ಟು ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಕೇಂದ್ರ, ರಾಜ್ಯಗಳ ಪಾಲು ತಲಾ ಶೇ 20ರಷ್ಟು. ಉಳಿದ ಶೇ 60 ಸಾಲ. ಸಾಲ ಕೊಡಲು ಜರ್ಮನಿಯ ಕೆಎಫ್‌ಡಬ್ಲ್ಯು ಮತ್ತು ಯುರೋಪಿನ ಹೂಡಿಕೆ ಬ್ಯಾಂಕ್ ಒಪ್ಪಿವೆ.

ಈ ಮೊತ್ತವನ್ನು ನಗರದ ಇತರ ಯೋಜನೆಗಳ ಪಕ್ಕದಲ್ಲಿ ಇಟ್ಟು ನೋಡಬೇಕು. ಉಪನಗರ ರೈಲಿಗೆ ಕಿಲೋಮೀಟರಿಗೆ ಸುಮಾರು 106 ಕೋಟಿ. 2024ರಲ್ಲಿ ಒಪ್ಪಿಗೆ ಪಡೆದ ಮೆಟ್ರೊ ಮೂರನೇ ಹಂತಕ್ಕೆ 44.65 ಕಿಲೋಮೀಟರಿಗೆ 15,611 ಕೋಟಿ, ಅಂದರೆ ಕಿಲೋಮೀಟರಿಗೆ 350 ಕೋಟಿಯ ಹತ್ತಿರ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕೊರೆಯಹೊರಟಿರುವ ಸುರಂಗ ರಸ್ತೆ 17 ಕಿಲೋಮೀಟರೂ ಪೂರ್ತಿ ಇಲ್ಲ. ಅದರ ಅಂದಾಜು 17 ಸಾವಿರ ಕೋಟಿಗೂ ಮೇಲೆ. ನಾಲ್ಕು ದಿಕ್ಕಿಗೆ ಹರಡುವ ರೈಲು ಜಾಲದ ಇಡೀ ಅಂದಾಜಿಗಿಂತ ಒಂದೇ ಸುರಂಗಕ್ಕೆ ಹೆಚ್ಚು ದುಡ್ಡು. ರೈಲಿನ ಲೆಕ್ಕ 2020ರ ಬೆಲೆಯದು, ವಿಳಂಬದಿಂದ ಅದು ಏರಿಯೇ ಏರುತ್ತದೆ ಎಂಬುದು ನಿಜ. ಎಷ್ಟೇ ಏರಿದರೂ ಈ ಅಂತರ ಮುಚ್ಚುವುದು ಕಷ್ಟ. ಕಾರಣ ಸರಳ: ರೈಲ್ವೆಯ ಬಳಿ ಹಳಿಯ ಪಕ್ಕದ ಜಾಗ ಮೊದಲೇ ಇದೆ, ಬಹುಪಾಲು ಮಾರ್ಗ ಆ ಜಾಗದಲ್ಲೇ ಸಾಗುತ್ತದೆ.

ವಿಮಾನ ನಿಲ್ದಾಣದ ಗೋಜಲು

ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಮೆಜೆಸ್ಟಿಕ್ಕಿನಿಂದ 35 ಕಿಲೋಮೀಟರಿನಷ್ಟು ದೂರ. ಅಲ್ಲಿಗೆ ರೈಲು ಬೇಕೆಂದು ಆಗಲೇ ಎಲ್ಲರೂ ಒಪ್ಪಿದ್ದರು. ಆದರೆ ಸರ್ಕಾರದ ಮನಸ್ಸಿಗೆ ಬಂದದ್ದು ಎಂ.ಜಿ. ರಸ್ತೆಯ ಕಡೆಯಿಂದ ನೇರ ನಿಲ್ದಾಣಕ್ಕೆ ಹಾರುವ ಅತಿವೇಗದ ಪ್ರತ್ಯೇಕ ರೈಲು. ಅದಕ್ಕೊಂದು ಕಂಪನಿಯೂ ಹುಟ್ಟಿತು, ವರದಿಯೂ ಬಂತು. ದಾರಿಯಲ್ಲಿರುವ ಊರಿನವರಿಗೆ ಅದರಿಂದ ಪ್ರಯೋಜನ ಇರಲಿಲ್ಲ, ಖರ್ಚು ಸಾವಿರಾರು ಕೋಟಿ. ಕೆಲವೇ ವರ್ಷಗಳಲ್ಲಿ ಅದು ಸದ್ದಿಲ್ಲದೆ ಮೂಲೆ ಸೇರಿತು.

ಮುಂದಿನ ಸರದಿ ರಸ್ತೆಯದು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 1,791 ಕೋಟಿ ರೂಪಾಯಿಯ ಉಕ್ಕಿನ ಸೇತುವೆ ಕಟ್ಟಲು ರಾಜ್ಯ ಸರ್ಕಾರ ಹೊರಟಿತು. ನೂರಾರು ಮರಗಳ ಮೇಲೆ ಕೊಡಲಿ ಬೀಳುತ್ತದೆಂದು ಜನ ಬೀದಿಗಿಳಿದು ಕೈಕೈ ಹಿಡಿದು ಸಾಲುಗಟ್ಟಿದರು. 2017ರ ಮಾರ್ಚಿನಲ್ಲಿ ಯೋಜನೆ ರದ್ದಾಯಿತು. ಇದೇ ನಾಗರಿಕ ಚಳವಳಿಯ ಬೆನ್ನಿಗೆ ಬಂದದ್ದು ‘ಚುಕುಬುಕು ಬೇಕು’ ಎಂಬ ಘೋಷಣೆ. ಬೇಡ ಎಂದವರು ಏನು ಬೇಕು ಎಂಬುದನ್ನೂ ಹೇಳಿದರು. 2018ರ ಕೇಂದ್ರ ಬಜೆಟ್ಟಿನಲ್ಲಿ ಬೆಂಗಳೂರಿನ ಉಪನಗರ ರೈಲು ಸೇರಿದ್ದಕ್ಕೆ ಈ ಒತ್ತಡವೂ ಒಂದು ಕಾರಣ.

2021ರ ಜನವರಿಯಲ್ಲಿ ಸಣ್ಣದೊಂದು ಪ್ರಯೋಗ ನಡೆಯಿತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳೆಯ ಒಂಟಿ ಹಳಿ ವಿಮಾನ ನಿಲ್ದಾಣದ ಅಂಚಿನಲ್ಲೇ ಹಾದುಹೋಗುತ್ತದೆ. ಅಲ್ಲೊಂದು ಹಾಲ್ಟ್ ಸ್ಟೇಷನ್ ಕಟ್ಟಿ ರೈಲು ನಿಲ್ಲಿಸಿದರು. ಟಿಕೆಟ್ ಹತ್ತು, ಹದಿನೈದು ರೂಪಾಯಿ. ಇಳಿದವರನ್ನು ಟರ್ಮಿನಲ್‌ಗೆ ಕರೆದೊಯ್ಯಲು ಬಸ್ಸು. ಸಾವಿರ ರೂಪಾಯಿ ಟ್ಯಾಕ್ಸಿಗೆ ಕೊಡುವ ಊರಿನಲ್ಲಿ ಈ ರೈಲು ತುಂಬಿ ತುಳುಕಬೇಕಿತ್ತು. ಹಾಗಾಗಲಿಲ್ಲ. ದಿನಕ್ಕೆ ಓಡುತ್ತಿದ್ದದ್ದು ಬೆರಳೆಣಿಕೆಯ ರೈಲು. ಬೆಳಗಿನ ರೈಲು ತಪ್ಪಿದರೆ ಮುಂದಿನದು ವಿಮಾನದ ಸಮಯಕ್ಕೆ ಹೊಂದುವುದಿಲ್ಲ. ವಿಮಾನ ಇಳಿದು ಸೂಟ್‌ಕೇಸ್ ತಳ್ಳಿಕೊಂಡು ಹೊರಬಂದವರು ರೈಲಿಗಾಗಿ ತಾಸುಗಟ್ಟಲೆ ಕೂರಬೇಕು, ಅದಕ್ಕೂ ಮೊದಲು ಬಸ್ಸು ಹುಡುಕಬೇಕು. ಎದುರಿಗೇ ವಾಯು ವಜ್ರ ಬಸ್ಸು ನಿಂತಿರುವಾಗ ಅಷ್ಟು ತಾಳ್ಮೆ ಯಾರಿಗಿದೆ? ಇದನ್ನು ನೋಡಿ, ವಿಮಾನ ನಿಲ್ದಾಣಕ್ಕೆ ರೈಲು ಬಿಟ್ಟರೆ ಯಾರೂ ಹತ್ತುವುದಿಲ್ಲ ಎಂದು ತೀರ್ಮಾನಿಸಿದವರಿದ್ದಾರೆ. ಆ ಪ್ರಯೋಗದಿಂದ ತಿಳಿದದ್ದು ಇಷ್ಟೇ: ಎಷ್ಟೇ ಅಗ್ಗವಾದರೂ ಹೊತ್ತಿಗೆ ಸಿಗದ ರೈಲಿಗೆ ಜನ ಕಾಯುವುದಿಲ್ಲ.

ಅದೇ ವರ್ಷ ಏಪ್ರಿಲಿನಲ್ಲಿ ಮೆಟ್ರೊ ನೀಲಿ ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ 58 ಕಿಲೋಮೀಟರ್, ವೆಚ್ಚ 14,788 ಕೋಟಿ. ಆಗಿನಿಂದ ಸಂಪಿಗೆ ಮಾರ್ಗದ ಮೇಲೆ ಅನುಮಾನದ ನೆರಳು ಬಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಅದರದೇ ಆಗಿದ್ದರೂ ಕೆಲಸ ಶುರುವಾದದ್ದು ಮಲ್ಲಿಗೆಯಲ್ಲಿ, ನಂತರ ಕನಕದಲ್ಲಿ.

ವಾದ, ಪ್ರತಿವಾದ

ಸಂಪಿಗೆಯನ್ನು ವಿರೋಧಿಸುವವರ ದೊಡ್ಡ ವಾದ, ಒಂದೇ ದಾರಿಗೆ ಎರಡು ರೈಲು ಯಾಕೆ ಎಂಬುದು. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಕೊಡಿಗೇಹಳ್ಳಿಯಿಂದ ಯಲಹಂಕ, ಬೆಟ್ಟಹಲಸೂರು, ದೊಡ್ಡಜಾಲದವರೆಗೆ ಎರಡೂ ಮಾರ್ಗ ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಸಾಗುತ್ತವೆ. ಸಾಲ ತಂದು ಕಟ್ಟುವ ಎರಡು ಸಂಸ್ಥೆಗಳು ಒಂದೇ ಪ್ರಯಾಣಿಕರಿಗಾಗಿ ಪೈಪೋಟಿಗಿಳಿದರೆ ನಷ್ಟ ಊರಿಗೇ.

ಆದರೆ ಭೂಪಟದ ದಕ್ಷಿಣ ಭಾಗವನ್ನೂ ನೋಡಬೇಕು. ನೀಲಿ ಮಾರ್ಗ ಹುಟ್ಟಿದ್ದು ಹೊರವರ್ತುಲ ರಸ್ತೆಯ ಐ.ಟಿ. ಕಂಪನಿಗಳಿಗಾಗಿ, ಅದು ನಗರದ ಪೂರ್ವ ಮಗ್ಗುಲನ್ನು ಬಳಸಿಕೊಂಡು ಹೋಗುತ್ತದೆ. ಮಲ್ಲೇಶ್ವರದವರೊಬ್ಬರು ಮೆಟ್ರೊದಲ್ಲೇ ವಿಮಾನ ನಿಲ್ದಾಣ ಸೇರಬೇಕೆನ್ನಿ. ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್ಕಿಗೆ ಬರಬೇಕು, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಪೂರ್ವಕ್ಕೆ ಹೋಗಬೇಕು. ಎಂ.ಜಿ. ರಸ್ತೆಯಲ್ಲಿ ಗುಲಾಬಿ ಮಾರ್ಗ ಹಿಡಿದು ನಾಗವಾರದಲ್ಲಿ, ಇಲ್ಲವೇ ಕೆ.ಆರ್. ಪುರದಲ್ಲಿ ಮತ್ತೆ ನೀಲಿಗೆ ಬದಲಾಯಿಸಬೇಕು. ಉತ್ತರಕ್ಕೆ ಹೋಗಬೇಕಾದವರು ಮೊದಲು ದಕ್ಷಿಣಕ್ಕೆ, ಆಮೇಲೆ ಪೂರ್ವಕ್ಕೆ ಸುತ್ತಿ ಬರುವ ಪಾಡು. ಸಂಪಿಗೆ ಮಾರ್ಗ ಮಲ್ಲೇಶ್ವರ, ಯಶವಂತಪುರಗಳ ಎದೆಯಲ್ಲೇ ಹಾದು ನೇರ ಉತ್ತರಕ್ಕೆ ಹೋಗುತ್ತದೆ. ತುಮಕೂರು, ಹುಬ್ಬಳ್ಳಿ, ಶಿವಮೊಗ್ಗ ಕಡೆಯಿಂದ ರೈಲಿನಲ್ಲಿ ಬಂದು ವಿಮಾನ ಹತ್ತುವವರಿಗೂ ಯಶವಂತಪುರವೇ ಅನುಕೂಲ. ಕೊಡಿಗೇಹಳ್ಳಿಯಿಂದ ಆಚೆ ಎರಡು ಮಾರ್ಗ ಜೊತೆಯಾಗುತ್ತವೆಂಬುದು ಸರಿ. ಈಚೆಗಿನ ಊರು ಎರಡಕ್ಕೂ ಬೇರೆ ಬೇರೆ.

ಎರಡನೆಯ ಆಕ್ಷೇಪ ಹಳಿ ಪಕ್ಕದ ನಿವಾಸಿಗಳದು, ಮರಗಳ ಪರವಾಗಿ ನಿಂತವರದು. ಎತ್ತರಿಸಿದ ಮಾರ್ಗದ ಸದ್ದು, ಕಡಿಯುವ ಮರ, ತೆರವಾಗುವ ಮನೆ, ಇವು ಪ್ರಗತಿಗೆ ಅಡ್ಡಿ ಎಂದು ತಳ್ಳಿಹಾಕುವ ಮಾತುಗಳಲ್ಲ. ಉಕ್ಕಿನ ಸೇತುವೆಯನ್ನು ಮರಗಳ ಹೆಸರಿನಲ್ಲಿ ತಡೆದ ಊರು ರೈಲಿಗೂ ಅದೇ ಅಳತೆಗೋಲು ಹಿಡಿಯಬೇಕು. ಎಲ್ಲಿ ಎಷ್ಟು ಮರ ಹೋಗುತ್ತದೆ, ನಿಲ್ದಾಣದ ನಕ್ಷೆ ಬದಲಿಸಿದರೆ ಎಷ್ಟು ಉಳಿಯುತ್ತದೆ ಎಂದು ಮೊದಲೇ ಜನರ ಮುಂದಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಮೂರನೆಯದು ರೈಲ್ವೆಯ ಒಳಗಿನಿಂದಲೇ ಬರುವ ವಾದ. ದಂಡು ನಿಲ್ದಾಣದಿಂದ ವೈಟ್‌ಫೀಲ್ಡಿಗೆ ರೈಲ್ವೆಯೇ ನಾಲ್ಕು ಹಳಿ ಹಾಕುತ್ತಿದೆ. ಯಶವಂತಪುರ–ಚನ್ನಸಂದ್ರ, ಬೈಯಪ್ಪನಹಳ್ಳಿ–ಹೊಸೂರು ಮಾರ್ಗಗಳ ಜೋಡಿ ಹಳಿ ಕೆಲಸವೂ ನಡೆದಿದೆ. ಇವು ಮುಗಿದರೆ ಲೋಕಲ್ ರೈಲುಗಳಿಗೂ ಜಾಗ ಸಿಗುತ್ತದೆ, ಪ್ರತ್ಯೇಕ ಮಾರ್ಗ ಯಾಕೆ ಎಂಬುದು ಪ್ರಶ್ನೆ. ಜಾಗ ಸಿಗುವುದು ಖಂಡಿತ. ಆದರೆ ಹೊಸ ಹಳಿ ಬಿದ್ದ ಕೂಡಲೇ ಅದರ ಮೇಲೆ ಹೊಸ ಎಕ್ಸ್‌ಪ್ರೆಸ್ಸುಗಳು ಬರುತ್ತವೆ. ಲೋಕಲ್ ರೈಲಿಗೆ ಇಷ್ಟು ಹೊತ್ತು ಮೀಸಲು ಎಂದು ಬರೆದುಕೊಡುವವರು ಯಾರು?

ಬೇರೆ ಊರುಗಳು ಕಲಿತದ್ದು

ಹೈದರಾಬಾದಿನ ಎಂ.ಎಂ.ಟಿ.ಎಸ್. ರೈಲು 2003ರಲ್ಲಿ ಶುರುವಾದಾಗ ದೊಡ್ಡ ನಿರೀಕ್ಷೆಯಿತ್ತು. ರಾಜ್ಯ ಮತ್ತು ರೈಲ್ವೆ ಸೇರಿ ಕಟ್ಟಿದ ಅಗ್ಗದ ವ್ಯವಸ್ಥೆ ಅದು. ಆದರೆ ಹಳಿ ಎಕ್ಸ್‌ಪ್ರೆಸ್ಸುಗಳ ಜೊತೆ ಹಂಚಿಕೊಂಡದ್ದು. ತಡ, ರದ್ದು ಸಾಮಾನ್ಯವಾಗಿ, ಐ.ಟಿ. ಕಚೇರಿಗಳಿಗೆ ಹೋಗುವವರು ಮೆಟ್ರೊ ಬಂದ ಮೇಲೆ ಅತ್ತ ಹೊರಳಿದರು. ಚೆನ್ನೈನ ಎಂ.ಆರ್.ಟಿ.ಎಸ್. ಮಾರ್ಗಕ್ಕೆ ಪ್ರತ್ಯೇಕ ಹಳಿಯೇ ಇದೆ. ಅಲ್ಲಿ ಸೋತದ್ದು ನಿಲ್ದಾಣಗಳು: ಭಾರಿ ಕಟ್ಟಡ, ಒಳಗೆ ಖಾಲಿ ಅಂತಸ್ತುಗಳು, ಹೊರಗೆ ಬಸ್ಸಿಗೆ ಸರಿಯಾದ ದಾರಿಯಿಲ್ಲ. ಸೇಂಟ್ ಥಾಮಸ್ ಮೌಂಟ್‌ಗೆ ಸೇರಿಸಬೇಕಿದ್ದ ಕೊನೆಯ ಅರ್ಧ ಕಿಲೋಮೀಟರ್ ಭೂಮಿಯ ತಕರಾರಿನಿಂದ ದಶಕಕ್ಕೂ ಹೆಚ್ಚು ಕಾಲ ಕುಂಟಿತು. ಅದೇ ಚೆನ್ನೈನಲ್ಲಿ ವಿಮಾನ ನಿಲ್ದಾಣದ ಎದುರಿಗೇ ಇರುವ ತಿರುಸೂಲಂ ನಿಲ್ದಾಣ ಯಾವ ಅಬ್ಬರವೂ ಇಲ್ಲದೆ ಕೆಲಸ ಮಾಡುತ್ತದೆ. ಅಲ್ಲಿ ನಿಲ್ಲುವುದು ಬೀಚ್‌ನಿಂದ ತಾಂಬರಂ ಕಡೆಗೆ ಹೋಗುವ ಸಾಮಾನ್ಯ ಲೋಕಲ್. ವಿಮಾನದಿಂದ ಇಳಿದವರೂ ಅದನ್ನೇ ಹತ್ತುತ್ತಾರೆ.

ದೆಹಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಇನ್ನೊಂದು ತುದಿಯ ಕಥೆ. 2011ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಶುರುವಾದ 22.7 ಕಿಲೋಮೀಟರಿನ ಈ ಮಾರ್ಗ ತಾಂತ್ರಿಕ ದೋಷಗಳಿಂದ 2012ರಲ್ಲಿ ತಿಂಗಳುಗಟ್ಟಲೆ ನಿಂತಿತು. 2013ರಲ್ಲಿ ಖಾಸಗಿ ಕಂಪನಿ ಕೈಬಿಟ್ಟಿತು, ದೆಹಲಿ ಮೆಟ್ರೊ ನಡೆಸತೊಡಗಿತು. ಪರಿಹಾರದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ 2024ರವರೆಗೂ ಎಳೆಯಿತು. ದರ ಇಳಿಸಿದ ಮೇಲಷ್ಟೇ ಜನ ಅತ್ತ ತಿರುಗಿದರು. ಕೆನಡಾದ ಟೊರಾಂಟೊದಲ್ಲಿ 2015ರಲ್ಲಿ ಶುರುವಾದ ವಿಮಾನ ನಿಲ್ದಾಣದ ರೈಲಿನ ಟಿಕೆಟ್ 27.50 ಡಾಲರ್ ಇತ್ತು. ಬೋಗಿಗಳು ಖಾಲಿ ಓಡಿದವು. ಮರುವರ್ಷ ಅದನ್ನು 12 ಡಾಲರಿಗೆ ಇಳಿಸಿದಾಗ ಪ್ರಯಾಣಿಕರು ಏರಿದರು; ನಡುವಿನ ನಿಲ್ದಾಣಗಳಲ್ಲಿ ಹತ್ತಿ ನಗರದ ಕೆಲಸಕ್ಕೆ ಹೋಗುವವರೂ ಅವರಲ್ಲಿ ಸಾಕಷ್ಟಿದ್ದರು. ಉಳ್ಳವರಿಗೆಂದು ಕಟ್ಟಿದ ರೈಲನ್ನು ಉಳಿಸಿದ್ದು ದಿನಾ ಓಡಾಡುವವರು.

ಚಾವಿ ಯಾರ ಕೈಯಲ್ಲಿ?

ಉಪನಗರ ರೈಲನ್ನು ಕಟ್ಟುವ ಹೊಣೆ ಕೆ–ರೈಡ್ ಎಂಬ ಕಂಪನಿಯದು. ಅದರಲ್ಲಿ ರಾಜ್ಯದ ಪಾಲು ಶೇ 51, ರೈಲ್ವೆ ಸಚಿವಾಲಯದ ಪಾಲು ಶೇ 49. ಕಾಗದದ ಮೇಲೆ ಇದು ಒಳ್ಳೆಯ ಜೋಡಿ. ನಡೆದದ್ದು ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ಸಂಸ್ಥೆಯ ಮುಖ್ಯಸ್ಥರು ಐ.ಎ.ಎಸ್. ಅಧಿಕಾರಿಯಾಗಬೇಕೇ, ರೈಲ್ವೆ ಎಂಜಿನಿಯರ್ ಆಗಬೇಕೇ ಎಂಬ ಹಗ್ಗಜಗ್ಗಾಟದಲ್ಲೇ ಬಹಳ ಕಾಲ ಕಳೆಯಿತು. ರೈಲ್ವೆಯ ಜಾಗ ಗುತ್ತಿಗೆಗೆ ಸಿಗಲು, ರಾಜ್ಯದ ಭೂಸ್ವಾಧೀನ ಮುಗಿಯಲು, ನಕ್ಷೆಗಳಿಗೆ ರೈಲ್ವೆಯ ಒಪ್ಪಿಗೆ ಬೀಳಲು ಒಂದೊಂದಕ್ಕೂ ಒಂದೊಂದು ಕಚೇರಿ. ಮಲ್ಲಿಗೆ ಮತ್ತು ಕನಕ ಎರಡರ ಕಾಮಗಾರಿಯನ್ನೂ ಹಿಡಿದಿದ್ದ ಎಲ್ ಆ್ಯಂಡ್ ಟಿ ಕಂಪನಿ 2025ರಲ್ಲಿ ಹಿಂದೆ ಸರಿಯಿತು. ಕೆಲಸಕ್ಕೆ ಬೇಕಾದ ಜಾಗ ಸಕಾಲಕ್ಕೆ ಕೈಗೆ ಸಿಗಲಿಲ್ಲ ಎಂಬುದು ಅದರ ದೂರು. ಕೆ–ರೈಡ್ ಅದನ್ನು ಒಪ್ಪದೆ ವಿವಾದ ಕೋರ್ಟಿಗೆ ಹೋಯಿತು. ಗಡುವು ಈಗ 2030ರ ಕಡೆಗೆ ಜಾರಿದೆ.

ಹಳಿ ಬಿದ್ದ ಮಾತ್ರಕ್ಕೆ ರೈಲು ಬಂದಂತಲ್ಲ ಎಂಬುದನ್ನು ಮೆಟ್ರೊ ಹಳದಿ ಮಾರ್ಗ ತೋರಿಸಿಕೊಟ್ಟಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಕಂಬ, ನಿಲ್ದಾಣ ಎಲ್ಲ ಸಿದ್ಧವಾಗಿ ಬೋಗಿಗಳಿಗಾಗಿ ಕಾದು ಕೂತವು. 2025ರ ಆಗಸ್ಟಿನಲ್ಲಿ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಉಪನಗರ ರೈಲಿನ ಬೋಗಿಗಳನ್ನು ಕಾಮಗಾರಿಯ ಜೊತೆಜೊತೆಗೇ ತರಿಸದಿದ್ದರೆ ಅದೇ ಕಥೆ ಮತ್ತೆ ನಡೆಯುತ್ತದೆ. ದರದ ಪಾಠವೂ ಮೆಟ್ರೊದ್ದೇ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಜನರಿಂದ ಬಂದ ಆಕ್ರೋಶ ಇನ್ನೂ ಯಾರಿಗೂ ಮರೆತಿಲ್ಲ.

ಬಸ್ಸು, ಮೆಟ್ರೊ, ರೈಲುಗಳನ್ನು ಒಂದೇ ಟಿಕೆಟ್ಟಿನಡಿ ತರಲು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು ಶಾಸನಸಭೆ 2022ರಲ್ಲೇ ಅಂಗೀಕರಿಸಿದೆ. ನೀಲಿ ಮಾರ್ಗವೋ ಸಂಪಿಗೆಯೋ ಎಂಬ ಜಗಳ ಬಗೆಹರಿಯಬೇಕಾದದ್ದು ಅಂಥ ಪ್ರಾಧಿಕಾರದ ಮೇಜಿನ ಮೇಲೆ. ಯಲಹಂಕದಲ್ಲಿ ಒಂದು ರೈಲಿನಿಂದ ಇಳಿದವರು ಅದೇ ಟಿಕೆಟ್ಟಿನಲ್ಲಿ ಇನ್ನೊಂದನ್ನು ಹತ್ತುವಂತಾದರೆ ಆ ಜಗಳಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಾಗಾದರೆ ಯಾವುದು ಮೊದಲು?

ಸಂಪಿಗೆ ಬೇಕೇ ಬೇಡವೇ ಎಂದು ತೂಗಲು ಒಂದು ಸುಲಭ ಪರೀಕ್ಷೆಯಿದೆ. ಆ ದಿಕ್ಕಿನಲ್ಲಿ ವಿಮಾನ ನಿಲ್ದಾಣವೇ ಇಲ್ಲವೆಂದುಕೊಳ್ಳೋಣ. ಆಗಲೂ ಈ ಮಾರ್ಗ ಬೇಕಾಗುತ್ತದೆಯೇ? ಯಲಹಂಕದ ಸುತ್ತ ಲಕ್ಷಗಟ್ಟಲೆ ಜನ ನೆಲೆಸಿದ್ದಾರೆ. ದೇವನಹಳ್ಳಿಯ ಬಳಿ ಏರೋಸ್ಪೇಸ್ ಪಾರ್ಕ್, ಫಾಕ್ಸ್‌ಕಾನ್ ಕಾರ್ಖಾನೆ, ಬಡಾವಣೆಗಳ ಮೇಲೆ ಬಡಾವಣೆ. ಎಲ್ಲರೂ ಬಳ್ಳಾರಿ ರಸ್ತೆ ಒಂದನ್ನೇ ನಂಬಿದ್ದಾರೆ, ಹೆಬ್ಬಾಳದಲ್ಲಿ ನಿಂತು ಕಾಯುತ್ತಾರೆ. ಬೇಕು ಎಂಬುದೇ ಉತ್ತರ. ಇನ್ನು ವಿಮಾನ ನಿಲ್ದಾಣವನ್ನೇ ತೆಗೆದುಕೊಂಡರೂ, ವರ್ಷಕ್ಕೆ ಅಲ್ಲಿಂದ ಓಡಾಡುವ ನಾಲ್ಕು ಕೋಟಿ ಪ್ರಯಾಣಿಕರಲ್ಲಿ ಹೆಚ್ಚಿನವರು ಆಗೊಮ್ಮೆ ಈಗೊಮ್ಮೆ ಬರುವವರು. ಅಲ್ಲಿ ಲಗೇಜು ಎತ್ತುವ, ನೆಲ ಒರೆಸುವ, ತಪಾಸಣೆ ಮಾಡುವ, ಕಾಫಿ ಮಾರುವ ಸಾವಿರಾರು ನೌಕರರು ದಿನಾ ಹೋಗಿ ಬರಬೇಕು, ಅದೂ ಮೂರು ಪಾಳಿಯಲ್ಲಿ. ತಿಂಗಳ ಪಾಸ್ ಕೊಳ್ಳುವವರು ಅವರೇ.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು. ಹೊಸ ಘೋಷಣೆಗಳನ್ನು ಬದಿಗಿಟ್ಟು, ಕೈಹಾಕಿರುವ ಮಲ್ಲಿಗೆ ಮತ್ತು ಕನಕವನ್ನು ಮೊದಲು ಮುಗಿಸಬೇಕು. ಸಂಪಿಗೆಯನ್ನು ಕೈಬಿಡದೆ ಮೆಜೆಸ್ಟಿಕ್–ಯಲಹಂಕ ಭಾಗದಿಂದ ಶುರುಮಾಡಬೇಕು. ಅಲ್ಲಿ ಮೆಟ್ರೊದ ಜೊತೆ ಪೈಪೋಟಿ ಕಡಿಮೆ. ಆಚೆಗಿನ ಭಾಗವನ್ನು ನೀಲಿ ಮಾರ್ಗದಲ್ಲಿ ರೈಲು ಓಡಿ ಜನರ ಓಡಾಟ ಕಣ್ಣಿಗೆ ಕಂಡ ಮೇಲೆ ತೀರ್ಮಾನಿಸಿದರೂ ತಪ್ಪಿಲ್ಲ. ವಿಮಾನ ನಿಲ್ದಾಣವನ್ನು ಆ ಮಾರ್ಗದ ಹಲವು ನಿಲ್ದಾಣಗಳಲ್ಲಿ ಒಂದಾಗಿ ನೋಡಬೇಕು, ಅದಕ್ಕೆಂದೇ ಬೇರೆ ದರ, ಬೇರೆ ರೈಲು ಬೇಡ. ಅಲ್ಲಿಯವರೆಗೆ ಹಾಲ್ಟ್ ಸ್ಟೇಷನ್ನಿಗೆ ಪಾಳಿಯ ಹೊತ್ತಿಗೆ ಹೊಂದುವ ನಾಲ್ಕಾರು ಮೆಮು ರೈಲು ಬಿಟ್ಟು, ಪ್ರತಿ ರೈಲಿಗೂ ಕಾದು ನಿಲ್ಲುವ ಬಸ್ಸು ಇಟ್ಟರೆ ನೌಕರರಿಗಾದರೂ ನಾಳೆಯಿಂದಲೇ ಉಪಯೋಗ. ಇದಕ್ಕೆ ಹೊಸ ಹಳಿಯೂ ಬೇಡ, ಸಂಪುಟದ ಒಪ್ಪಿಗೆಯೂ ಬೇಡ.

ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ ವಿಮಾನ ನಿಲ್ದಾಣಕ್ಕೆ ಇಷ್ಟು ನಿಮಿಷದಲ್ಲಿ ತಲುಪಿಸುತ್ತೇವೆ ಎಂದರೆ ಕೇಳಬೇಕಾದದ್ದು ಬೇರೆಯೇ ಮೂರು ಪ್ರಶ್ನೆ: ಎಷ್ಟು ಹೊತ್ತಿಗೊಮ್ಮೆ ಬಿಡುತ್ತೀರಿ, ತಿಂಗಳ ಪಾಸ್ ಎಷ್ಟು, ಬೋಗಿಗೆ ಆರ್ಡರ್ ಕೊಟ್ಟಾಯಿತೇ? ಈ ಮೂರಕ್ಕೂ ದಿನಾಂಕ ಹಾಕಿದ ಲಿಖಿತ ಉತ್ತರ ಸಿಕ್ಕುವವರೆಗೆ ಶಂಕುಸ್ಥಾಪನೆಯ ಕಲ್ಲನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.